ಸಡ್ಡೆ ಹಿಡಿದು ನಡೆದವರು

ನಮ್ಮ ಸೀಮೆಯಲ್ಲಿ ಕೂರಿಗೆ ಗಂಡಸರದು, ಸಡ್ಡೆ ಹೆಂಗಸರದು. ಬೆಂಗಳೂರಿನ ಪಕ್ಕದ ಮಾಕಳಿಯ ನಮ್ಮ ಹೊಲದಲ್ಲಿ 12 ತಾಳಿನ ಕೂರಿಗೆಗೆ ಅಪ್ಪ ಪುಡಿಗೊಬ್ಬರ ಬೆರೆಸಿದ ರಾಗಿ ಬಿಡುತ್ತಾ ಮುಂದೆ ಹೋದರೆ, ಅದೇ ಕೂರಿಗೆಗೆ ಹಗ್ಗ ಕಟ್ಟಿದ ಒಂಟಿ ಬಿದಿರುಕೊಳವೆಯನ್ನು ಹಿಡಿದುಕೊಂಡು ಅಜ್ಜಿ ಹಿಂದೆ ನಡೆಯುತ್ತಿದ್ದಳು. ಆ ಕೊಳವೆಯೇ ಸಡ್ಡೆ. ಮಡಿಲಲ್ಲಿ ಕಟ್ಟಿಕೊಂಡ ಕಾಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಅದರ ಬಾಯಿಗೆ ತಳ್ಳಬೇಕು. ಅವಸರ ಮಾಡಿದರೆ ಕಾಳು ಗುಂಪಾಗಿ ಬೀಳುತ್ತದೆ, ಮೈಮರೆತರೆ ಸಾಲು ಬೋಳಾಗುತ್ತದೆ. 1966ರಲ್ಲಿ, ನನಗೆ ಎಂಟು ವರ್ಷವಿದ್ದಾಗ, ಅಜ್ಜಿ ಮೊದಲ ಸಲ ಸಡ್ಡೆಯನ್ನು ನನ್ನ ಕೈಗೆ ಕೊಟ್ಟಳು. ಎತ್ತಿನ ನಡಿಗೆಗೆ ನನ್ನ ಕಾಲು ಸಾಲದೆ ಅರ್ಧ ಸಾಲು ಓಡಿಕೊಂಡೇ ಬಿತ್ತಿದೆ. ಮೊಳಕೆ ಬಂದ ಮೇಲೆ ಅವರೆ ಎಲ್ಲೆಲ್ಲಿ ತಪ್ಪಿದೆ ಎಂದು ಊರೇ ನೋಡುವ ಹಾಗಿತ್ತು.

ಹೀಗೆ ರಾಗಿಯ ನಡುವೆ ಬಿದ್ದ ಸಾಲಿಗೆ ಅಕ್ಕಡಿ ಎಂದು ಹೆಸರು. ಒಂದು ಸುತ್ತಿಗೆ ಅವರೆ, ಮುಂದಿನದಕ್ಕೆ ತೊಗರಿ ಅಥವಾ ಜೋಳ, ಇನ್ನೊಂದಕ್ಕೆ ಹುಚ್ಚೆಳ್ಳು, ಅಲ್ಲಲ್ಲಿ ಅಲಸಂದೆ, ಹೊಲದ ಅಂಚಿಗೆ ಹರಳು. ಹುಚ್ಚೆಳ್ಳು ಹಳದಿ ಹೂ ಬಿಟ್ಟರೆ ಜೇನುಹುಳು ಮುತ್ತುತ್ತಿದ್ದವು. ರಾಗಿ ಕೊಯ್ದ ಕೂಳೆಯ ನಡುವೆ ಅವರೆ ಇನ್ನೂ ಹಸಿರಾಗಿ ನಿಂತಿರುತ್ತಿತ್ತು. ಇಬ್ಬನಿ ಕುಡಿದು ಕಾಯಿ ಕಟ್ಟಿ, ಸಂಕ್ರಾಂತಿಯ ಹೊತ್ತಿಗೆ ಸೊಗಡು ತುಂಬಿಕೊಳ್ಳುತ್ತಿತ್ತು. ನಾಟಿ ಅವರೆಯ ಗುಣವೇ ಹಾಗೆ: ಆರಿದ್ರೆಯಲ್ಲಿ ಬಿತ್ತಿದರೂ ಪುಷ್ಯದಲ್ಲಿ ಬಿತ್ತಿದರೂ ಹಗಲು ಮೋಟಾಗುವವರೆಗೆ ಅದು ಹೂ ಬಿಡುವುದಿಲ್ಲ. ಮುಂಗಾರು ತಡವಾಯಿತೆಂದು ಕೆಡುವ ಬೆಳೆಯಲ್ಲ ಅದು. ಒಂದು ಮಳೆ ಕೈಕೊಟ್ಟರೆ ಒಂದು ಕಾಳು ಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ನಮ್ಮ ಮನೆಯಲ್ಲಿ ಅಕ್ಕಡಿ ಕಾಳು ಮಾರಿದ ದುಡ್ಡು ಅಜ್ಜಿಯದು. ಅದನ್ನು ಅಪ್ಪ ಕೇಳಿದ್ದನ್ನು ನಾನು ಕಂಡಿಲ್ಲ.

ಇದು ಎಷ್ಟು ಹಳೆಯ ಪದ್ಧತಿ ಎಂದು ಹುಡುಕುತ್ತಾ ಹೋದಾಗ ಸಿಕ್ಕವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು ಸೀಮೆ ಸುತ್ತಿದ ವೈದ್ಯ ಆತ. ಕೂರಿಗೆಯಲ್ಲಿ ರಾಗಿ ಬೀಳುವುದನ್ನೂ, ಅದರ ನಡುವೆ ಅವರೆ ತೊಗರಿ ಸಾಲು ಹಿಡಿಯುವುದನ್ನೂ ರೈತರನ್ನು ಕೇಳಿ ಕೇಳಿ ಬರೆದುಕೊಂಡ. 1807ರಲ್ಲಿ ಅವನ ಪುಸ್ತಕ ಅಚ್ಚಾಯಿತು. ಅಲ್ಲಿಂದ ಎಪ್ಪತ್ತು ವರ್ಷಕ್ಕೆ ಧಾತು ಈಶ್ವರ ಬರ ಬಂತು. 1876ರಿಂದ 78ರವರೆಗಿನ ಆ ಬರದಲ್ಲಿ ಮೈಸೂರು ಸೀಮೆಯ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿಯಿತೆಂದು ಹೇಳುತ್ತಾರೆ. ಅಷ್ಟು ದೊಡ್ಡ ಬರಕ್ಕೆ ಅಕ್ಕಡಿಯೂ ಸಾಲಲಿಲ್ಲ, ಹಗೇವಿನ ರಾಗಿಯೂ ಸಾಲಲಿಲ್ಲ.

ಆ ನೆನಪು ಇನ್ನೂ ಹಸಿಯಾಗಿದ್ದಾಗಲೇ, 1899ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಕೃಷಿ ಪ್ರಯೋಗಕ್ಕೆಂದು 30 ಎಕರೆ ಕೊಟ್ಟರು. ಅಲ್ಲಿಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ರಾಗಿಯನ್ನು ಇಲ್ಲಿಯವರಷ್ಟೇ ಅಕ್ಕರೆಯಿಂದ ನೋಡಿದ. 1920ರಲ್ಲಿ ರಾಗಿ ಬೇಸಾಯದ ಮೇಲೆ ಒಂದು ಹೊತ್ತಗೆಯನ್ನೇ ಬರೆದ. ಮುಂದೆ ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಇವರೆಲ್ಲ ನಮಗೆ ಅನ್ನ ಇಟ್ಟವರು. ಇಂಡಾಫ್ ಬಂದ ಮೇಲೆ ನಮ್ಮ ಕಣದ ರಾಶಿ ದೊಡ್ಡದಾದದ್ದನ್ನು ನಾನೇ ಕಂಡಿದ್ದೇನೆ.

ಆದರೆ ತೂಕ ಹಾಕಿದ್ದು ರಾಗಿಯನ್ನು. ಹುಚ್ಚೆಳ್ಳಿನ ಒಂದು ಸೇರು, ಅಲಸಂದೆಯ ಎರಡು ಸೇರು ಯಾವ ಲೆಕ್ಕಕ್ಕೂ ಬರಲಿಲ್ಲ. ಕೃಷಿ ವಿಶ್ವವಿದ್ಯಾಲಯ ಮುಂದೆ ಮಿಶ್ರಬೆಳೆಯ ಬೆಲೆ ಕಂಡುಕೊಂಡು 8 ಸಾಲು ರಾಗಿಗೆ 2 ಸಾಲು ತೊಗರಿ ಎಂದು ಶಿಫಾರಸು ಮಾಡಿತು. ಒಳ್ಳೆಯ ಮಾತೇ. ಆದರೆ ಅಜ್ಜಿಯ ಮಡಿಲಲ್ಲಿದ್ದ ಐದು ಕಾಳಿನಲ್ಲಿ ಆ ಲೆಕ್ಕಕ್ಕೆ ಸೇರಿದ್ದು ಒಂದೇ. ವರ್ಷವಿಡೀ ಹೂ ಬಿಡುವ ಹೆಬ್ಬಾಳ ಅವರೆಯೂ ಬಂತು, ಪೇಟೆಗೆ ಅದರಿಂದ ಅನುಕೂಲವೂ ಆಯಿತು. ಹಗಲಿನ ಅಳತೆ ನೋಡಿ ಹೂ ಬಿಡುತ್ತಿದ್ದ ಹಳೆಯ ಅವರೆಯ ಬಿತ್ತ ಮಾತ್ರ ಮನೆಮನೆಯಲ್ಲಿ ಮುಗಿಯುತ್ತಾ ಬಂತು.

1980ರ ದಶಕದಲ್ಲಿ ಈ ಕಡೆಯ ಹೊಲಗಳಿಗೆ ನೀಲಗಿರಿ ನುಗ್ಗಿತು. ಕಳೆ ಕೀಳಬೇಕಿಲ್ಲ, ಕಾಯಬೇಕಿಲ್ಲ. ಆದರೆ ನೀರಿನ ಕತೆ ಬೇರೆ. ನಮ್ಮ ಹೊಳೆ ಅರ್ಕಾವತಿ. 1894ರಲ್ಲಿ ಹೆಸರಘಟ್ಟದ ಕೆರೆ ಕಟ್ಟಿ ಬೆಂಗಳೂರಿಗೆ ನೀರು ಕೊಟ್ಟ ಹೊಳೆ. ಅದು ಬತ್ತಿದ್ದೇಕೆ ಎಂದು ಜಕ್ಕೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದರು. ಮಳೆ ಕಡಿಮೆಯಾದದ್ದು ಮುಖ್ಯ ಕಾರಣವಲ್ಲ, ಕೊಳವೆಬಾವಿ ಮತ್ತು ನೀಲಗಿರಿ ತೋಪುಗಳ ಕಡೆಗೆ ನೋಡಿ ಎಂದರು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಹೆಂಗಸರ ಬಿತ್ತದ ಮಡಕೆಯಲ್ಲಿರುವುದೂ ವಿದ್ಯೆಯೇ ಎಂದು ತಿಳಿದು ಹಳ್ಳಿಗೆ ಹೋದವರೂ ಇದ್ದಾರೆ. ಗಡಿಯಾಚೆಯ ಥಳಿಯಲ್ಲಿ, ಈಚೆ ಕನಕಪುರದಲ್ಲಿ ವನಜಾ ರಾಮಪ್ರಸಾದ್ ಅವರ ಗ್ರೀನ್ ಫೌಂಡೇಶನ್ 1990ರ ದಶಕದಲ್ಲಿ ರೈತ ಹೆಂಗಸರೊಡನೆ ಬೀಜದ ಬ್ಯಾಂಕುಗಳನ್ನು ಕಟ್ಟಿತು. 2004ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಆ ಸಂಸ್ಥೆಗೆ ಬಂತು. ನನಗೆ ಪ್ರಶಸ್ತಿಗಿಂತ ಇಷ್ಟವಾದದ್ದು ಆ ಬ್ಯಾಂಕಿನ ಕೆಲಸದ ರೀತಿ: ಬಿತ್ತ ಒಯ್ದವರು ಬೆಳೆದು ಬಿತ್ತವನ್ನೇ ತಿರುಗಿ ತಂದುಕೊಡಬೇಕು. ನಮ್ಮ ಕೇರಿಯಲ್ಲಿ ಅಜ್ಜಿ ನಡೆಸುತ್ತಿದ್ದದ್ದೂ ಇದನ್ನೇ. ಅವರೆಗೆ ಕೆಮ್ಮಣ್ಣು ಲೇಪಿಸಿ ಒಣಗಿಸಿ, ಬೂದಿ ಬೆರೆಸಿ, ಸೋರೆಬುರುಡೆಯಲ್ಲಿ ತುಂಬಿ, ಬಾಯಿಗೆ ಸಗಣಿ ಮೆತ್ತಿ ಒಲೆಯ ಮೇಲಿನ ನೆಲುವಿಗೆ ತೂಗುಬಿಡುತ್ತಿದ್ದಳು. ಕೇಳಿಬಂದವರಿಗೆ ಒಂದು ಪಾವು ಅಳೆದು ಕೊಟ್ಟರೆ ಸುಗ್ಗಿಯಲ್ಲಿ ಎರಡು ಪಾವು ಬರುತ್ತಿತ್ತು.

ಇಂದಿನ ಮಾಕಳಿಯಲ್ಲಿ ನೆಲವೆಂದರೆ ಸೈಟು. ತುಮಕೂರು ರಸ್ತೆಯ ಲಾರಿಗಳು, ಗೋದಾಮುಗಳು, ಹಿಮಾಲಯ ಔಷಧಿ ಕಂಪನಿ; 2024ರಿಂದ ಪಕ್ಕದ ಮಾದಾವರದವರೆಗೆ ಮೆಟ್ರೊ. ನಮಗೆ ಉಳಿದಿರುವುದು 20 ಗುಂಟೆ. 2022ರಲ್ಲಿ ಬೆಂಗಳೂರು ದಾಖಲೆಯ ಮಳೆ ಕಂಡಾಗ ಅಲ್ಲಿ ರಾಗಿ ನೀರು ನಿಂತು ಹಳದಿಯಾಯಿತು. ಮರುವರ್ಷ 223 ತಾಲ್ಲೂಕುಗಳು ಬರಪೀಡಿತವೆಂದು ಸಾರಿದರು; ಆಗಸ್ಟ್ ಪೂರ್ತಿ ಆಕಾಶ ನೋಡುತ್ತಾ ಕೂತೆವು, ತೆನೆ ಜೊಳ್ಳಾಯಿತು. ಆ ವರ್ಷ ನಾನು ಹಟ ಮಾಡಿ ಅಕ್ಕಡಿ ಹಾಕಿಸಿದ್ದೆ. ನವೆಂಬರಿನಲ್ಲಿ ಎರಡು ಮಳೆ ಬಿತ್ತು ನೋಡಿ, ಸತ್ತೇಹೋಯಿತು ಎಂದುಕೊಂಡಿದ್ದ ಅವರೆ ಚಿಗುರಿ ಹೂವಾಯಿತು. ಆರು ಸೇರು ಕಾಳು ಸಿಕ್ಕಿತು. ಹೊಲದ ಬದುವಿನಲ್ಲಿ ಕೂತು ಅತ್ತುಬಿಟ್ಟೆ.

ಆಮೇಲೆ ಒಂದು ದಿನ ಬೀಜದ ಬಗ್ಗೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಮನೆಗೆ ಬಂದು ಕಾಳಿನ ಬಣ್ಣ, ಕಾಯಿಯ ಉದ್ದ, ಹೂ ಬಿಟ್ಟ ವಾರ ಎಲ್ಲ ಬರೆದುಕೊಂಡಳು. ಅಟ್ಟದ ಮೇಲಿನ ಸಡ್ಡೆಯನ್ನು ಇಳಿಸಿ ಅವಳ ಕೈಗಿಟ್ಟೆ. ಬಿದಿರಿನ ಬಾಯಿ ಒಂದು ಪಕ್ಕ ಸವೆದು ನುಣುಪಾಗಿತ್ತು. ಅಲ್ಲಿ ಹೆಬ್ಬೆರಳಿಟ್ಟು ನೋಡಿ ಅವಳು, ಇದರಲ್ಲಿ ಕಾಳು ಬಿಡುವುದು ಹೇಗೆ ತೋರಿಸಿಕೊಡಿ ಎಂದಳು. ಕೂರಿಗೆ ಇಲ್ಲ, ಎತ್ತೂ ಇಲ್ಲ. ಅಂಗಳದ ಈ ತುದಿಯಿಂದ ಆ ತುದಿಗೆ ಅವಳು ಮುಂದೆ ಹಗ್ಗ ಎಳೆದಳು, ನಾನು ಹಿಂದೆ ನಡೆದೆ.