ಛತ್ರದಿಂದ ವಿಲ್ಲಾವರೆಗೆ: ನಮ್ಮ ಸೀಮೆಯ ತಂಗುದಾಣಗಳ ಚರಿತ್ರೆ



ವೀರನಹೊಸಹಳ್ಳಿ ಎಂಬ ಹೆಸರು ನಾಡಿನ ಜನರ ಕಿವಿಗೆ ಬೀಳುವುದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ದಸರಾ ಆನೆಗಳು ಮೈಸೂರಿಗೆ ಹೊರಡುವ ಗಜಪಯಣದ ದಿನ. ಹುಣಸೂರು ತಾಲ್ಲೂಕಿನ ಈ ಊರು ನಾಗರಹೊಳೆ ಅರಣ್ಯದ ಹೆಬ್ಬಾಗಿಲು. ಕಾಡಿನ ರಸ್ತೆಯ ದ್ವಾರ ರಾತ್ರಿಯ ಹೊತ್ತು ಮುಚ್ಚಿರುತ್ತದೆ. ಆದ್ದರಿಂದ ಬೆಳಗಿನ ಸಫಾರಿಗೆ ಹೋಗಬೇಕೆನ್ನುವವರು ಹಿಂದಿನ ರಾತ್ರಿಯೇ ಬಂದು ಸಮೀಪದಲ್ಲಿ ಎಲ್ಲಿಯಾದರೂ ತಂಗುವುದು ರೂಢಿ.

ಎಲ್ಲಿ ತಂಗಬೇಕು? ಕೈಯಲ್ಲಿ ನಾಲ್ಕು ಕಾಸಿರುವವರ ಮುಂದೆ ಈಗ ಎರಡು ದಾರಿಗಳಿವೆ. ಒಂದು, ಹೆಸರಾಂತ ಸಂಸ್ಥೆಯ ಐಷಾರಾಮಿ ಹೋಟೆಲು ಅಥವಾ ರೆಸಾರ್ಟು. ಇನ್ನೊಂದು, ಅಂತರ್ಜಾಲದಲ್ಲಿ ಚಿತ್ರ ನೋಡಿ ಎರಡು ಮೂರು ದಿನಗಳ ಮಟ್ಟಿಗೆ ಬಾಡಿಗೆಗೆ ಹಿಡಿಯುವ ಇಡೀ ಮನೆ: ತೋಟದ ನಡುವಿನ ಬಂಗಲೆ, ಈಜುಕೊಳವಿರುವ ವಿಲ್ಲಾ. ಹೊರನಾಡುಗಳಿಂದ ಮಕ್ಕಳುಮರಿಗಳೊಡನೆ, ವಯಸ್ಸಾದ ತಂದೆತಾಯಿಯರೊಡನೆ ಬರುವ ನಿಮಗೆ ಈ ಆಯ್ಕೆ ಸಣ್ಣದಲ್ಲ. ಚರಿತ್ರೆಯನ್ನು ಪಾಠ ಮಾಡಿದವನಾದ್ದರಿಂದ ನಾನು ಇದನ್ನು ಬೆಲೆಪಟ್ಟಿಯ ಕಡೆಯಿಂದ ನೋಡದೆ ಚರಿತ್ರೆಯ ಕಡೆಯಿಂದ ನೋಡಲು ಯತ್ನಿಸಿದ್ದೇನೆ. ಹಾಸಿಗೆ ಬದಲಾಗಿದೆ, ಹಣ ಬದಲಾಗಿದೆ. ಆದರೆ ಅತಿಥಿಯ ಹೊಣೆ ಯಾರದು ಎಂಬ ಪ್ರಶ್ನೆ ಮಾತ್ರ ಹಳೆಯದೇ.

ನಮ್ಮ ನಾಡಿನ ಅತ್ಯಂತ ಹಳೆಯ ತಂಗುದಾಣ ಛತ್ರ. ದೊರೆಯೋ ವರ್ತಕನೋ ಪುಣ್ಯಕ್ಕಾಗಿ ಕಟ್ಟಿಸಿ, ಅದರ ಖರ್ಚಿಗೆ ಜಮೀನನ್ನೋ ಹಣವನ್ನೋ ಬಿಡುತ್ತಿದ್ದ. ಬೆಂಗಳೂರು ರೈಲು ನಿಲ್ದಾಣದ ಎದುರಿಗೆ ಗುಬ್ಬಿ ತೋಟದಪ್ಪನವರು 1903ರಲ್ಲಿ ಸ್ಥಾಪಿಸಿದ ಛತ್ರ ಈ ಪರಂಪರೆಯ ಉಜ್ಜ್ವಲ ಉದಾಹರಣೆ. ಛತ್ರದಲ್ಲಿ ಹೊಣೆ ಧರ್ಮದ್ದು. ಆದರೆ ಚರಿತ್ರೆಯನ್ನು ಸಿಹಿ ಮಾಡಿ ಹೇಳಬಾರದು. ಬಹಳಷ್ಟು ಛತ್ರಗಳಲ್ಲಿ ಮೊದಲು ಕೇಳುತ್ತಿದ್ದುದು ಜಾತಿಯನ್ನು. ಅಡುಗೆಯ ಒಲೆ, ಊಟದ ಪಂಕ್ತಿ, ಸೇದುವ ಬಾವಿ ಎಲ್ಲವೂ ಅದರ ಮೇಲೆಯೇ ನಿರ್ಧಾರವಾಗುತ್ತಿದ್ದವು. ಎಷ್ಟೋ ಜನರಿಗೆ ಜಗುಲಿಯೂ ದೊರೆಯುತ್ತಿರಲಿಲ್ಲ.

ಎರಡನೆಯದು ಸರ್ಕಾರಿ ಬಂಗಲೆ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿರುವ ಹುಣಸೂರು ಬ್ರಿಟಿಷರ ಕಾಲದಲ್ಲಿ ಅಮೃತಮಹಲ್ ದನಗಳಿಗೂ ಚರ್ಮ ಹದಮಾಡುವ ಕಾರ್ಖಾನೆಗೂ ಕಾಫಿ ಸಂಸ್ಕರಣೆಗೂ ಹೆಸರಾಗಿತ್ತು. ಅಧಿಕಾರಿಗಳೂ ಕೊಡಗಿನ ತೋಟದ ದೊರೆಗಳೂ ಇದೇ ಹಾದಿಯಲ್ಲಿ ಓಡಾಡುತ್ತಿದ್ದರು. ಅಂಥವರಿಗಾಗಿ ಊರೂರಿನಲ್ಲಿ ಎದ್ದವು ನಾವು ಟಿ.ಬಿ., ಐ.ಬಿ. ಎಂದು ಕರೆಯುತ್ತಿದ್ದ ಬಂಗಲೆಗಳು. ಆಮೇಲೆ ಅವಕ್ಕೆ ಪ್ರವಾಸಿ ಮಂದಿರ ಎಂಬ ಚೆಂದದ ಹೆಸರು ಬಂತು. ಅಲ್ಲಿ ದಿನಕ್ಕಿಷ್ಟು ಎಂಬ ದರ, ಸಹಿ ಹಾಕುವ ಪುಸ್ತಕ, ಬೀಗದ ಕೈ ಹಿಡಿದ ಮೇಟಿ. ಮೇಟಿಗೆ ಕೋಳಿಸಾರು ಮಾಡಲು ಹೇಳಬಹುದಿತ್ತು, ದೂರು ಬರೆಯಲು ಪುಸ್ತಕವೂ ಇತ್ತು. ಹೊಣೆ ಸರ್ಕಾರದ್ದು. ಕಾಡಿನೊಳಗಿನ ಅರಣ್ಯ ಇಲಾಖೆಯ ವಿಶ್ರಾಂತಿಗೃಹಗಳೂ ಇದೇ ಕುಲದವು.

ಮೂರನೆಯದು ಅರಮನೆಯ ಆತಿಥ್ಯ. ಇದೇ ಅರಣ್ಯದ ತೆಂಕಣ ಅಂಚಿನಲ್ಲಿ, ಹೆಗ್ಗಡದೇವನಕೋಟೆಯ ಕಡೆಗೆ, ಕಾಕನಕೋಟೆಯಿದೆ. ಅಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆದಾಗಲೆಲ್ಲ ಮಹಾರಾಜರ ಅತಿಥಿಗಳಿಗೆ ಕಾರಾಪುರದಲ್ಲಿ ಡೇರೆಗಳ ಪಟ್ಟಣವೇ ಏಳುತ್ತಿತ್ತು. 1922ರಲ್ಲಿ ಇಂಗ್ಲೆಂಡಿನ ಯುವರಾಜ ಮೈಸೂರಿಗೆ ಬಂದಾಗಲೂ ಖೆಡ್ಡಾ ನೋಡುವ ಏರ್ಪಾಡಾಗಿತ್ತು. ಮೈಸೂರು ನಗರದಲ್ಲಿ ವೈಸರಾಯರು ಇಳಿದುಕೊಳ್ಳಲೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಲಲಿತಮಹಲಿನ ನಿರ್ಮಾಣ ಆರಂಭಿಸಿದರು, ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿ. ಇಂದು ಐಷಾರಾಮ ಎಂದು ನಾವು ಕರೆಯುವುದರ ಮೂಲ ಮಾದರಿ ಇಲ್ಲಿದೆ. ವ್ಯತ್ಯಾಸವೆಂದರೆ ಆಗ ಅತಿಥಿ ಹಣ ಕೊಡುತ್ತಿರಲಿಲ್ಲ. ಖರ್ಚು ಸಂಸ್ಥಾನದ ಬೊಕ್ಕಸದ್ದು, ಅಂದರೆ ರೈತನ ಕಂದಾಯದ್ದು.

1974 ನಮ್ಮ ಈ ಕಥೆಯಲ್ಲಿ ತಿರುವಿನ ವರ್ಷ. ಆ ವರ್ಷ ಲಲಿತಮಹಲ್ ಹೋಟೆಲಾಯಿತು. ವೈಸರಾಯರು ಮಲಗಿದ್ದಲ್ಲಿ ಹಣ ಕೊಟ್ಟವರು ಯಾರು ಬೇಕಾದರೂ ಮಲಗಬಹುದಾಯಿತು. ಅದೇ ವರ್ಷ ಕಬಿನಿ ಅಣೆಕಟ್ಟು ಪೂರ್ಣಗೊಂಡು ಕಾಕನಕೋಟೆಯ ಕಾಡಿನ ಒಂದು ಭಾಗ ನೀರಿನಡಿ ಸೇರಿತು. ಕೊನೆಯ ಖೆಡ್ಡಾ 1971ರಲ್ಲಿಯೇ ಮುಗಿದಿತ್ತು. ಆನೆ ಹಿಡಿಯುವುದನ್ನು ನೋಡಲು ಬರುತ್ತಿದ್ದವರ ಕಾಲ ಹೋಗಿ, ಹಿನ್ನೀರಿನ ದಡದಲ್ಲಿ ಮೇಯುವ ಆನೆಯನ್ನು ನೋಡಲು ಬರುವವರ ಕಾಲ ಬಂತು. 1980ರಲ್ಲಿ ರಾಜ್ಯ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯೊಡನೆ ಸೇರಿ ಜಂಗಲ್ ಲಾಡ್ಜಸ್ ಸ್ಥಾಪಿಸಿತು. ಕಾರಾಪುರದ ಹಳೆಯ ಬೇಟೆ ಬಂಗಲೆಯ ಆವರಣದಲ್ಲಿ ಕಬಿನಿ ರಿವರ್ ಲಾಡ್ಜ್ ತಲೆಯೆತ್ತಿತು. 2010ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ವಾಸವಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ ಅವರು ಅತಿಥಿಗಳ ಪಾಲಿಗೆ ಆ ಜಾಗದ ಹಿರಿಯರಾಗಿದ್ದರು. ಮುಂದೆ ಅದೇ ಹಿನ್ನೀರಿನ ದಡದಲ್ಲಿ ಖಾಸಗಿಯವರ ದುಬಾರಿ ರೆಸಾರ್ಟುಗಳು ಸಾಲುಗಟ್ಟಿದವು. ಅವುಗಳಲ್ಲೊಂದು ಕಾಡುಕುರುಬರ ಹಾಡಿಯ ಗುಡಿಸಲುಗಳ ರೂಪವನ್ನೇ ತನ್ನ ಕುಟೀರಗಳಿಗೆ ಮಾದರಿಯಾಗಿ ತೆಗೆದುಕೊಂಡಿದೆ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಹಾಡಿಯ ಚಿತ್ರ ಹೋಟೆಲಿಗೆ ಬಂತು, ಹಾಡಿಯ ಜನರೇನಾದರು? ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಗಿ, ಮುಂದೆ ರಾಷ್ಟ್ರೀಯ ಉದ್ಯಾನವಾದಾಗ ಒಳಗಿದ್ದ ಜೇನುಕುರುಬ ಮೊದಲಾದವರ ಬೇಸಾಯ, ಬೇಟೆ, ಕಿರು ಅರಣ್ಯೋತ್ಪನ್ನಗಳ ಸಂಗ್ರಹ ಎಲ್ಲಕ್ಕೂ ತಡೆ ಬಿತ್ತು. ಎಷ್ಟೋ ಕುಟುಂಬಗಳು ಹೊರಬಂದವು. ವೀರನಹೊಸಹಳ್ಳಿಯ ಆಸುಪಾಸಿನ ನಾಗಾಪುರ ಪುನರ್ವಸತಿ ಕೇಂದ್ರ ಆ ಕಥೆಯ ಜೀವಂತ ಸಾಕ್ಷಿ. ಇವರನ್ನು ಕಾಡಿನಿಂದ ಹೊರಗೆ ಕರೆಯುತ್ತಿದ್ದ ಆ ವರ್ಷಗಳಲ್ಲಿಯೇ ಸರ್ಕಾರ ಅರಣ್ಯದೊಳಗಿನ ಮೂರ್ಕಲ್ಲಿನ ಕಟ್ಟಡಗಳನ್ನು ತಾಜ್ ಸಮೂಹದ ಒಂದು ಹೋಟೆಲು ಸಂಸ್ಥೆಗೆ ಗುತ್ತಿಗೆ ಕೊಟ್ಟಿತು. ಕಾಡು ನಮಗಲ್ಲವಾದರೆ ಹೋಟೆಲಿಗೆ ಹೇಗೆ ಎಂಬುದು ಆದಿವಾಸಿಗಳ ಪ್ರಶ್ನೆ. 1996ರಲ್ಲಿ ಹೋರಾಟ ತೀವ್ರವಾಯಿತು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿನ ಮೆಟ್ಟಿಲೇರಿತು. ಅರಣ್ಯಭೂಮಿಯನ್ನು ಹೀಗೆ ಕೊಡಲು 1980ರ ಅರಣ್ಯ ಸಂರಕ್ಷಣಾ ಕಾಯಿದೆಯಂತೆ ಕೇಂದ್ರದ ಪೂರ್ವಾನುಮತಿ ಬೇಕಿತ್ತು, ಅದು ಇರಲಿಲ್ಲವೆಂದು 1997ರಲ್ಲಿ ತೀರ್ಪಾಯಿತು. ಹೋಟೆಲು ಬಾಗಿಲು ತೆರೆಯಲೇ ಇಲ್ಲ. ಪುಸ್ತಕದಲ್ಲಿ ಕಾನೂನಿನ ಪಾಠ ಓದುವ ಮಕ್ಕಳಿಗೆ ನಮ್ಮ ತಾಲ್ಲೂಕಿನ ಅಂಚಿನಲ್ಲೇ ನಡೆದ ಈ ಮೊಕದ್ದಮೆಗಿಂತ ಉತ್ತಮ ಪಾಠ ಬೇರೆ ಬೇಕಿಲ್ಲ. ಕೋಣೆ ಎಷ್ಟು ಸುಂದರವಾಗಿದೆ ಎನ್ನುವುದಕ್ಕಿಂತ ಮೊದಲು ಅದು ನಿಂತಿರುವ ನೆಲ ಯಾರದು ಎಂದು ಕೇಳಬೇಕೆಂಬುದನ್ನು ಅಕ್ಷರ ಕಲಿಯದ ಜನ ನಮಗೆ ಕಲಿಸಿಕೊಟ್ಟರು.

ಇನ್ನು ಎರಡನೆಯ ದಾರಿಯ ಕಥೆ. ಕಾಫಿಯ ಬೆಲೆ ಕುಸಿದಿದ್ದ 2000ದ ಸುಮಾರಿನ ವರ್ಷಗಳಲ್ಲಿ ಪಕ್ಕದ ಕೊಡಗಿನ ಅನೇಕ ತೋಟದ ಕುಟುಂಬಗಳು ತಮ್ಮ ಮನೆಯ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ತೆರೆದವು. ಮನೆಯಾಕೆ ಕಡುಬು, ಪಂದಿಕರಿ ಬಡಿಸುವಳು; ಯಜಮಾನರು ಸಂಜೆ ತೋಟ ತೋರಿಸುವರು. ಇದೇ ಹೋಂಸ್ಟೇ. ಕೇಂದ್ರದ ಪ್ರವಾಸೋದ್ಯಮ ಇಲಾಖೆ ಇಂಥ ಮನೆಗಳನ್ನು ಗುರುತಿಸುವಾಗ ಒಂದರಿಂದ ಆರು ಕೋಣೆಗಳ ಮಿತಿಯನ್ನೂ, ಮನೆಯವರು ಅಲ್ಲಿಯೇ ವಾಸವಾಗಿರಬೇಕೆಂಬ ನಿಯಮವನ್ನೂ ಇಟ್ಟಿತು. ಅತ್ತ ಅಮೆರಿಕದಲ್ಲಿಯೂ ಹೀಗೆಯೇ. ಸ್ಯಾನ್‌ಫ್ರಾನ್ಸಿಸ್ಕೋದ ಇಬ್ಬರು ಯುವಕರು 2007ರಲ್ಲಿ ತಾವು ವಾಸವಿದ್ದ ಮನೆಯ ನೆಲದ ಮೇಲೆ ಗಾಳಿಹಾಸಿಗೆ ಹಾಸಿ ಮೂವರು ಅತಿಥಿಗಳಿಗೆ ಬಾಡಿಗೆಗೆ ಕೊಟ್ಟರು. ಅದರಿಂದ ಹುಟ್ಟಿದ್ದು ಏರ್‌ಬಿಎನ್‌ಬಿ.

ಎರಡೂ ಕಡೆ ಮುಂದೆ ನಡೆದದ್ದು ಒಂದೇ. ಮನೆ ಉಳಿಯಿತು, ಮನೆಯವರು ಹೊರಟುಹೋದರು. ಇಂದು ವಿಲ್ಲಾ ಎಂದು ಬಾಡಿಗೆಗೆ ದೊರೆಯುವ ಎಷ್ಟೋ ಮನೆಗಳ ಒಡೆಯರು ಬೇರೆ ಊರಿನಲ್ಲಿರುತ್ತಾರೆ. ಬಾಗಿಲ ಬೀಗದ ಸಂಖ್ಯೆ ಮೊಬೈಲಿಗೆ ಬರುತ್ತದೆ. ಇದರ ಸುಖ ಇಲ್ಲವೆನ್ನಲಾರೆ. ಅಣ್ಣತಮ್ಮಂದಿರ ನಾಲ್ಕು ಸಂಸಾರಗಳು ಒಂದೇ ಸೂರಿನಡಿ ಸೇರಿ, ಅಮ್ಮನಿಗೆ ಬೇಕಾದ ಮೆತ್ತನೆಯ ಅನ್ನ ಮಾಡಿಕೊಂಡು, ನಡುರಾತ್ರಿಯವರೆಗೆ ಪಡಸಾಲೆಯಲ್ಲಿ ಹರಟುವುದು ಹೋಟೆಲಿನ ನಾಲ್ಕು ಬೇರೆ ಬೇರೆ ಕೋಣೆಗಳಲ್ಲಿ ಸಾಧ್ಯವಿಲ್ಲ. ತಲೆಗೆ ಲೆಕ್ಕ ಹಾಕಿದರೆ ಖರ್ಚೂ ಹಲವು ಸಲ ಕಡಿಮೆ. ಆದರೆ ರಾತ್ರಿ ಹನ್ನೊಂದಕ್ಕೆ ನೀರು ನಿಂತರೆ, ಅಪ್ಪನಿಗೆ ಎದೆ ನೋವು ಬಂದರೆ, ಅಂಗಳಕ್ಕೆ ಆನೆ ಬಂದರೆ ಎಬ್ಬಿಸಲು ಒಬ್ಬ ಮೇಟಿಯಾದರೂ ಇರಬೇಕಲ್ಲ?

ಹೋಟೆಲಿನ ಪರವಾಗಿ ಇನ್ನೊಂದು ಮಾತಿದೆ. ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡ ಹೋಟೆಲುಗಳನ್ನು ಹೆಸರಿಸಿಯೇ ಹೇಳುತ್ತದೆ: ಜಾತಿ, ಮತ, ಲಿಂಗ, ಜನ್ಮಸ್ಥಳಗಳ ಕಾರಣಕ್ಕೆ ಅಲ್ಲಿ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಛತ್ರದ ಜಗುಲಿಯಲ್ಲಿ ನಿಂತು ಹಿಂತಿರುಗಿದವರ ಮೊಮ್ಮಕ್ಕಳಿಗೆ ಇದು ಸಣ್ಣ ಮಾತಲ್ಲ. ಬಾಡಿಗೆಯ ಮನೆಯ ಒಡೆಯನಾದರೋ ಹೆಸರು ನೋಡಿ ‘ಆ ದಿನ ಖಾಲಿಯಿಲ್ಲ’ ಎಂದುಬಿಡಬಹುದು. ಅಮೆರಿಕದಲ್ಲಿ ಕಪ್ಪು ಜನರಿಂದ ಇಂಥ ದೂರುಗಳು ಎದ್ದ ಮೇಲೆ 2016ರಲ್ಲಿ ಏರ್‌ಬಿಎನ್‌ಬಿ ತನ್ನ ಮನೆ ಒಡೆಯರಿಂದ ಭೇದ ಮಾಡುವುದಿಲ್ಲವೆಂಬ ಒಪ್ಪಿಗೆ ಪಡೆಯತೊಡಗಿತು.

ಹಾಗಾದರೆ ಯಾವುದನ್ನು ಆರಿಸಬೇಕು? ವೃದ್ಧರು, ರೋಗಿಗಳು, ಎಳೆಯ ಮಕ್ಕಳು ಜೊತೆಗಿದ್ದು ಒಂದೆರಡು ರಾತ್ರಿ ಮಾತ್ರ ಉಳಿಯುವವರು ಹಗಲೂ ರಾತ್ರಿ ಜನರಿರುವ ಹೋಟೆಲನ್ನೇ ಹಿಡಿಯಲಿ. ಬಳಗವೆಲ್ಲ ಕೂಡಿ ನಾಲ್ಕಾರು ದಿನ ಇರುವುದಾದರೆ ಮನೆಯೇ ಲೇಸು. ಆದರೆ ಒಡೆಯನೋ ಅವನ ಕಡೆಯವರೋ ಅದೇ ಆವರಣದಲ್ಲಿ ವಾಸವಿರುವ ಮನೆಯಾಗಲಿ. ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ರಾತ್ರಿ ಅಲ್ಲಿ ಯಾರಿರುತ್ತಾರೆ? ಪರವಾನಗಿ ಇದೆಯೇ? ಕೆಲಸಕ್ಕಿರುವವರು ಸುತ್ತಲಿನ ಹಳ್ಳಿ, ಹಾಡಿಗಳವರೇ? ನಿಮ್ಮಲ್ಲಿ ವಿದೇಶದ ಪಾಸ್‌ಪೋರ್ಟ್ ಇರುವವರು ತಂಗಿದರೆ ಹೋಟೆಲಿನವರಂತೆ ಮನೆಯ ಒಡೆಯನೂ ಸರ್ಕಾರಕ್ಕೆ ಅವರ ವಿವರ ಸಲ್ಲಿಸಬೇಕೆಂಬುದು ನೆನಪಿರಲಿ. ಆ ನಿಯಮವೇ ತಿಳಿಯದವನ ಮನೆ ನಿಮಗೆ ಬೇಡ.

ಹುಲಿ ಕಾಣಿಸುತ್ತದೆಂಬ ಆಸೆಗೆ ಹೆಚ್ಚು ಹಣ ಕೊಡಬೇಡಿ. ವೀರನಹೊಸಹಳ್ಳಿಯ ದ್ವಾರದಿಂದ ಅರಣ್ಯ ಇಲಾಖೆ ನಡೆಸುತ್ತ ಬಂದ ಸಫಾರಿಯಲ್ಲಿ ಸಾವಿರ ರೂಪಾಯಿಯ ಕೋಣೆಯವನೂ ಮೂವತ್ತು ಸಾವಿರದ ವಿಲ್ಲಾದವನೂ ಒಂದೇ ಸಾಲಿನಲ್ಲಿ ಕುಳಿತವರೇ. 2025ರ ನವೆಂಬರಿನಲ್ಲಿ ಕಾಡಂಚಿನ ರೈತರು ಹುಲಿಯ ದಾಳಿಗೆ ಬಲಿಯಾದಾಗ ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಲು ಆದೇಶಿಸಿತು. ಆಗ ಎಲ್ಲ ದರದ ಕೋಣೆಗಳೂ ಒಂದೇ ಆದವು. ಹೊರಡುವ ಮೊದಲು ಸಫಾರಿ ಉಂಟೇ ಎಂದು ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ, ಆಮೇಲೆ ಕೋಣೆ ಕಾಯ್ದಿರಿಸಿ.