ಸೂರ್ಯನ ಲೆಕ್ಕ ತಪ್ಪಿರಲಿಲ್ಲ

ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗವನ್ನು ಪ್ರತಿ ಸೆಕೆಂಡಿಗೆ ಸೂರ್ಯನಿಂದ ಬಂದ ಸುಮಾರು 6,500 ಕೋಟಿ ನ್ಯೂಟ್ರಿನೋ ಕಣಗಳು ಹಾದುಹೋಗುತ್ತಿವೆ ಎಂದರೆ ನಂಬುವಿರಾ? ರಾತ್ರಿಯಾದರೂ ಅವು ನಿಲ್ಲುವುದಿಲ್ಲ. ಇಡೀ ಭೂಮಿಯನ್ನೇ ತೂರಿ ನಮ್ಮ ಪಾದದಡಿಯಿಂದ ಬರುತ್ತವೆ.

ಇವುಗಳನ್ನು ಹಿಡಿಯಲೆಂದು ಅಮೆರಿಕದ ರಸಾಯನಶಾಸ್ತ್ರಜ್ಞ ರೇಮಂಡ್ ಡೇವಿಸ್ 1960ರ ದಶಕದಲ್ಲಿ ದಕ್ಷಿಣ ಡಕೋಟಾದ ಹೋಮ್‌ಸ್ಟೇಕ್ ಚಿನ್ನದ ಗಣಿಗೆ ಇಳಿದರು. ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ ಅವರು ಇರಿಸಿದ ಬೃಹತ್ ತೊಟ್ಟಿಯಲ್ಲಿದ್ದುದು ಬಟ್ಟೆಗಳ ಡ್ರೈಕ್ಲೀನಿಂಗ್‌ಗೆ ಬಳಸುವ ದ್ರವ, 600 ಟನ್ನಿಗೂ ಅಧಿಕ. ಅಪರೂಪಕ್ಕೊಮ್ಮೆ ನ್ಯೂಟ್ರಿನೋ ಒಂದು ಅದರ ಕ್ಲೋರಿನ್ ಪರಮಾಣುವನ್ನು ತಾಗಿ ಆರ್ಗಾನ್ ಆಗಿ ಮಾರ್ಪಡಿಸುತ್ತದೆ. ಅಂಥ ಕೆಲವೇ ಪರಮಾಣುಗಳನ್ನು ಅಷ್ಟು ದ್ರವದಿಂದ ಹೆಕ್ಕಿ ಎಣಿಸಬೇಕಿತ್ತು. (ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿಯೂ 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ದೊರೆತಿತ್ತು.)

1968ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿ ಹುಟ್ಟಿಸಿತು. ಜಾನ್ ಬಾಕಾಲ್ ಲೆಕ್ಕ ಹಾಕಿದ್ದಕ್ಕಿಂತ ನ್ಯೂಟ್ರಿನೋಗಳು ಬಹಳ ಕಡಿಮೆಯಿದ್ದವು. ವರ್ಷಗಳುರುಳಿದರೂ ಎಣಿಕೆ ಮೂರನೇ ಒಂದು ಭಾಗದ ಆಸುಪಾಸಿನಲ್ಲೇ ನಿಂತಿತು. ಪ್ರಯೋಗ ತಪ್ಪೆಂದರು ಕೆಲವರು, ಸೂರ್ಯನ ಲೆಕ್ಕವೇ ತಪ್ಪೆಂದರು ಹಲವರು. ಡೇವಿಸ್ ತಮ್ಮ ವಿಧಾನವನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಬಾಕಾಲ್ ತಮ್ಮ ಗಣಿತವನ್ನು ತಿದ್ದಿ ತೀಡಿದರು. ಅಂತರ ಮಾತ್ರ ಅಳಿಯಲಿಲ್ಲ.

ನ್ಯೂಟ್ರಿನೋಗಳಲ್ಲಿ ಮೂರು ಬಗೆಗಳಿವೆ; ವಿಜ್ಞಾನಿಗಳು ಇವನ್ನು ‘ಫ್ಲೇವರ್’ ಎನ್ನುತ್ತಾರೆ. ಸೂರ್ಯನಲ್ಲಿ ಹುಟ್ಟುವುದು ಎಲೆಕ್ಟ್ರಾನ್ ಬಗೆ. ಡೇವಿಸರ ತೊಟ್ಟಿ ಗುರುತಿಸಬಲ್ಲದ್ದೂ ಅದೊಂದನ್ನೇ. ದಾರಿಯಲ್ಲಿ ಅವು ಬಗೆ ಬದಲಿಸುತ್ತಿರಬಹುದೇ ಎಂದು ಗ್ರಿಬೋವ್ ಮತ್ತು ಪಾಂಟೆಕೊರ್ವೊ 1969ರಲ್ಲಿ ಕೇಳಿದರು. ದ್ರವ್ಯದಲ್ಲಿರುವ ಎಲೆಕ್ಟ್ರಾನ್‌ಗಳು ಈ ಬದಲಾವಣೆಯ ಮೇಲೆ ಪ್ರಭಾವ ಬೀರುತ್ತವೆಂದು 1978ರಲ್ಲಿ ವೂಲ್ಫೆನ್‌ಸ್ಟೈನ್ ತೋರಿಸಿದರು. ಸೂರ್ಯನ ದಟ್ಟ ಗರ್ಭದಿಂದ ವಿರಳವಾದ ಹೊರಪದರದತ್ತ ಸಾಗುವಾಗ ನ್ಯೂಟ್ರಿನೋಗಳ ಬಗೆ ಬಹುಮಟ್ಟಿಗೆ ಬದಲಾಗಬಲ್ಲದೆಂದು 1985ರಲ್ಲಿ ಮಿಖೆಯೆವ್ ಮತ್ತು ಸ್ಮಿರ್ನೋವ್ ವಿವರಿಸಿದರು.

ತೀರ್ಪು ಬಂದದ್ದು ಕೆನಡಾದ ಸಡ್ಬರಿ ಗಣಿಯಿಂದ. ಅಲ್ಲಿ ಎರಡು ಕಿಲೋಮೀಟರ್ ಆಳದಲ್ಲಿ 1,000 ಟನ್ ಭಾರಜಲವಿತ್ತು. ಅದರಲ್ಲಿ ನಡೆಯುವ ಒಂದು ಕ್ರಿಯೆ ಎಲೆಕ್ಟ್ರಾನ್ ಬಗೆಯನ್ನಷ್ಟೇ ತೋರಿದರೆ, ಇನ್ನೊಂದು ಮೂರನ್ನೂ ಸಮನಾಗಿ ಎಣಿಸುತ್ತಿತ್ತು. 2002ರಲ್ಲಿ ಉತ್ತರ ಸ್ಪಷ್ಟವಾಯಿತು: ಎಲೆಕ್ಟ್ರಾನ್ ಬಗೆ ಮೂರನೇ ಒಂದು ಭಾಗ, ಒಟ್ಟು ಮೊತ್ತ ಬಾಕಾಲರ ಲೆಕ್ಕದಷ್ಟೇ. 2014ರಲ್ಲಿ ಜಪಾನಿನ ಸೂಪರ್ ಕಾಮಿಯೋಕಾಂಡೆ ತಂಡವು, ಭೂಮಿಯನ್ನು ಹಾದುಬರುವ ರಾತ್ರಿಯ ಎಣಿಕೆ ಹಗಲಿಗಿಂತ ಸುಮಾರು ಶೇ. 3ರಷ್ಟು ಹೆಚ್ಚಿರುವ ಸೂಚನೆಯನ್ನೂ ನೀಡಿತು.

ಡೇವಿಸ್‌ಗೆ ಇಳಿವಯಸ್ಸಿನಲ್ಲಿ, 2002ರಲ್ಲಿ, ನೊಬೆಲ್ ದೊರೆಯಿತು, ಬಾಕಾಲ್‌ಗೆ ದೊರೆಯಲಿಲ್ಲ. ಪರಸ್ಪರ ವಿರುದ್ಧವೆಂದು ಕಂಡ ಎರಡು ಸಾಕ್ಷ್ಯಗಳೂ ನಿಜವಾಗಿದ್ದವು. ಮನೆಯಲ್ಲಿ, ಊರಿನಲ್ಲಿ ಇಬ್ಬರ ಮಾತು ಹೊಂದದಿದ್ದಾಗ ಒಬ್ಬರನ್ನು ಸುಳ್ಳರೆಂದು ತೀರ್ಮಾನಿಸಲು ನಾವು ಅವಸರಪಡುತ್ತೇವೆ. ನಮಗಿನ್ನೂ ಕಾಣದಿರುವುದೇನಾದರೂ ಉಂಟೇ ಎಂದು ಕೇಳುವಷ್ಟು ತಾಳ್ಮೆ ನಮ್ಮಲ್ಲಿರಲಿ.