ಮನೆಯಲ್ಲಿ ಬೀಸಿದ ಇಡಿಧಾನ್ಯದ ಹಿಟ್ಟು

ಮನೆಯಲ್ಲಿ ಬೀಸಿದ ಇಡಿಧಾನ್ಯದ ಹಿಟ್ಟು ಎಂದರೆ ಕಾಳಿನ ಹೊರಪದರ, ಮೊಳಕೆಯ ಭಾಗ ಮತ್ತು ಒಳತಿರುಳು ಈ ಮೂರನ್ನೂ ಉಳಿಸಿಕೊಂಡು, ಬೀಸುವ ಕಲ್ಲಿನಲ್ಲಿ ಅಥವಾ ವಿದ್ಯುತ್ ಚಾಲಿತ ಗೃಹಗಿರಣಿಯಲ್ಲಿ ಬಳಕೆಗೆ ಬೇಕಾದಷ್ಟನ್ನೇ ಪುಡಿಮಾಡಿಕೊಂಡ ಹಿಟ್ಟು. ಕರ್ನಾಟಕದಲ್ಲಿ ರಾಗಿ, ಜೋಳ, ಸಜ್ಜೆ ಮತ್ತು ಗೋಧಿಯನ್ನು ಹೀಗೆ ಬೀಸಿಕೊಳ್ಳುವ ರೂಢಿಯಿದೆ. ಬಿಳಿ ಅಕ್ಕಿ ಮತ್ತು ಮೈದಾ ಆಧಾರಿತ ಆಹಾರಕ್ಕೆ ಬದಲಾಗಿ ಈ ಹಿಟ್ಟನ್ನು ಬಳಸುವುದು ದೇಹತೂಕದ ನಿಯಂತ್ರಣಕ್ಕೆ ನೆರವಾಗುತ್ತದೆ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಆ ಅಭಿಪ್ರಾಯಕ್ಕೆ ಆಧಾರವಿದೆ; ಆದರೆ ಜನಪ್ರಿಯ ಬರಹಗಳಲ್ಲಿ ಹೇಳಲಾಗುವಷ್ಟು ದೊಡ್ಡ ಪ್ರಮಾಣದಲ್ಲಿ ಅಲ್ಲ.

ಕಾಳಿನ ರಚನೆ

ಗೋಧಿ ಕಾಳಿನ ತೂಕದಲ್ಲಿ ಸುಮಾರು ಶೇ. 83ರಷ್ಟು ಪಿಷ್ಟಪ್ರಧಾನವಾದ ಒಳತಿರುಳು, ಸುಮಾರು ಶೇ. 14ರಷ್ಟು ತವುಡು ಮತ್ತು ಶೇ. 2.5ರಷ್ಟು ಮೊಳಕೆಯ ಭಾಗ ಇರುತ್ತದೆ. ನಾರು, ಖನಿಜಗಳು ಮತ್ತು ಬಿ ಗುಂಪಿನ ಜೀವಸತ್ವಗಳ ಹೆಚ್ಚಿನ ಪಾಲು ತವುಡಿನಲ್ಲಿದ್ದರೆ, ಎಣ್ಣೆ ಮತ್ತು ಇ ಜೀವಸತ್ವ ಮೊಳಕೆಯ ಭಾಗದಲ್ಲಿರುತ್ತವೆ. ಮೈದಾ ತಯಾರಿಕೆಯಲ್ಲಿ ಇವೆರಡನ್ನೂ ತೆಗೆದುಹಾಕಲಾಗುತ್ತದೆ.

ರಾಗಿಯ ಸಂಗತಿ ಬೇರೆ. ಅದರ ಹೊರಸಿಪ್ಪೆ ಮೃದುವಾದ ತಿರುಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅಕ್ಕಿಯಂತೆ ಪಾಲಿಶ್ ಮಾಡುವುದು ಸುಲಭವಲ್ಲ. ಆ ಕಾರಣದಿಂದಲೇ ರಾಗಿಯನ್ನು ತಲೆಮಾರುಗಳಿಂದ ಇಡಿಯಾಗಿ ಬೀಸುತ್ತ ಬರಲಾಗಿದೆ. ಹಳೆ ಮೈಸೂರು ಭಾಗದ ಮುದ್ದೆಯು ಯಾವ ಆರೋಗ್ಯ ಪ್ರಚಾರದ ಹಂಗೂ ಇಲ್ಲದೆ ಇಡಿಧಾನ್ಯದ ಆಹಾರವಾಗಿ ಉಳಿದುದಕ್ಕೆ ಕಾಳಿನ ಈ ಗುಣವೇ ಮುಖ್ಯ ಕಾರಣ. ಉತ್ತರ ಕರ್ನಾಟಕದಲ್ಲಿ ಬೆಳೆಯುವ ಜವೆ ಗೋಧಿಯದು ಇದಕ್ಕೆ ವಿರುದ್ಧವಾದ ತೊಡಕು. ಅದರ ಹೊಟ್ಟು ಒಕ್ಕಣೆಯಲ್ಲಿ ಬಿಡುವುದಿಲ್ಲವಾದ್ದರಿಂದ ಬೀಸುವ ಮೊದಲು ಕುಟ್ಟಿ ಬಿಡಿಸಬೇಕಾಗುತ್ತದೆ.

ಬೀಸುವ ಸಾಧನಗಳು

ಬೀಸುವ ಕಲ್ಲು ಒಂದರ ಮೇಲೊಂದು ಕೂರುವ ಎರಡು ದುಂಡನೆಯ ಕಲ್ಲುಗಳಿಂದ ಆಗಿರುತ್ತದೆ. ಕೆಳಗಿನದು ಅಲುಗದೆ ಇರುತ್ತದೆ. ಮೇಲಿನದನ್ನು ಅಂಚಿನಲ್ಲಿ ನೆಟ್ಟ ಮರದ ಗೂಟ ಹಿಡಿದು ತಿರುಗಿಸಲಾಗುತ್ತದೆ. ನಡುವಿನ ಬಾಯಿಗೆ ಹಿಡಿಹಿಡಿಯಾಗಿ ಹಾಕಿದ ಕಾಳು ಎರಡು ಕಲ್ಲುಗಳ ನಡುವೆ ಅರೆದು ಸುತ್ತಲೂ ಹಿಟ್ಟಾಗಿ ಉದುರುತ್ತದೆ. ಬಳಕೆಯಿಂದ ಕಲ್ಲಿನ ಮುಖ ನುಣುಪಾದಾಗ ಉಳಿಯಿಂದ ಹೊಡೆಸಿ ಮತ್ತೆ ಒರಟು ಮಾಡಿಸಬೇಕು. ಹೊಸದಾಗಿ ಹೊಡೆಸಿದ ಕಲ್ಲಿನಲ್ಲಿ ಮೊದಲು ಬೀಸಿದ ಹಿಟ್ಟಿನಲ್ಲಿ ಕಲ್ಲಿನ ಪುಡಿ ಸೇರುವುದರಿಂದ ಅದನ್ನು ಊಟಕ್ಕೆ ಬಳಸುವುದಿಲ್ಲ.

ಬೀಸುವುದು ಬಹುಮಟ್ಟಿಗೆ ಹೆಣ್ಣುಮಕ್ಕಳ ಪಾಲಿನ ಕೆಲಸವಾಗಿತ್ತು. ಮನೆಮಂದಿಯ ಅಂದಿನ ಹಿಟ್ಟು ಬೆಳಗಿನ ಜಾವದಲ್ಲೇ ಆಗಬೇಕಿತ್ತು. ಆ ಹೊತ್ತಿನಲ್ಲಿ ಹಾಡುತ್ತಿದ್ದ ಬೀಸುವ ಪದಗಳು ಕನ್ನಡ ಜನಪದ ತ್ರಿಪದಿಯ ದೊಡ್ಡ ಸಂಪತ್ತಾಗಿದ್ದು, ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಇಂಥ ಸಂಕಲನಗಳಲ್ಲಿ ಪ್ರಸಿದ್ಧವಾದುದು. ‘ಅಜ್ಜಿಯ ಕಾಲದ ಹಿಟ್ಟು’ ಎಂದು ಇಂದು ಹೊಗಳುವಾಗ ಅದರ ಹಿಂದಿದ್ದ ಈ ದುಡಿಮೆ ಸಾಮಾನ್ಯವಾಗಿ ಮರೆಯಾಗುತ್ತದೆ. ಎಂಜಿನ್ ಮತ್ತು ವಿದ್ಯುತ್ ಗಿರಣಿಗಳು ಊರಿಗೆ ಬಂದಾಗ ಹೆಂಗಸರು ಕಲ್ಲನ್ನು ಬದಿಗೆ ಸರಿಸಿದ್ದು ಪೌಷ್ಟಿಕತೆಯ ಅರಿವಿಲ್ಲದೆ ಎನ್ನುವುದು ಸರಿಯಾಗದು. ಅದು ದಿನದ ಮೊದಲ ಹೊತ್ತನ್ನು ಮರಳಿ ಪಡೆದ ಸಂಗತಿಯೂ ಹೌದು.

ಊರಿನ ಹಿಟ್ಟಿನ ಗಿರಣಿಯಲ್ಲಿಯೂ ಕಾಳು ಇಡಿಯಾಗಿಯೇ ಬೀಸಲ್ಪಡುತ್ತದೆ. ತವುಡನ್ನು ಬೇರ್ಪಡಿಸುವುದು 19ನೆಯ ಶತಮಾನದಲ್ಲಿ ಬುಡಾಪೆಸ್ಟ್ ಮುಂತಾದೆಡೆ ಬೆಳೆದು ಜಗತ್ತಿಗೆ ಹರಡಿದ ಉರುಳೆ ಗಿರಣಿಗಳ ಕ್ರಮ. ಉಕ್ಕಿನ ಉರುಳೆಗಳು ಕಾಳನ್ನು ಹಂತಹಂತವಾಗಿ ಒಡೆದು, ಪ್ರತಿ ಹಂತದಲ್ಲೂ ಜರಡಿಯಿಂದ ತವುಡನ್ನು ಬೇರೆಮಾಡುತ್ತವೆ.

ಈಗ ಮಾರುಕಟ್ಟೆಯಲ್ಲಿರುವ ಗೃಹಗಿರಣಿಗಳಲ್ಲಿ ಹಲವು ಕಲ್ಲಿನವಲ್ಲ. ವೇಗವಾಗಿ ತಿರುಗುವ ಉಕ್ಕಿನ ಬಡಿಗಗಳು ಕಾಳನ್ನು ಒಡೆಯುತ್ತವೆ. ಸುತ್ತಲಿನ ಜಾಲರಿಯ ತೂತಿನ ಅಳತೆಗೆ ತಕ್ಕಂತೆ ಹಿಟ್ಟು, ರವೆ ಅಥವಾ ನುಚ್ಚು ದೊರೆಯುತ್ತದೆ. ಜಾಲರಿ ಬದಲಿಸಿ ತರಿಯ ಗಾತ್ರವನ್ನು ಬೇಕಾದಂತೆ ಇಟ್ಟುಕೊಳ್ಳಬಹುದು. ಆರೋಗ್ಯದ ದೃಷ್ಟಿಯಿಂದ ಮನೆಯಲ್ಲಿ ಬೀಸುವುದರ ನಿಜವಾದ ಅನುಕೂಲ ಇದೇ.

ಪೋಷಕಾಂಶಗಳು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಸಂಯೋಜನಾ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿ, ಸಜ್ಜೆ ಅಥವಾ ಇಡಿ ಗೋಧಿಯಲ್ಲಿ ಸುಮಾರು 11 ಗ್ರಾಂ ಮತ್ತು ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಮೈದಾ ಮತ್ತು ಬಿಳಿ ಅಕ್ಕಿಯಲ್ಲಿ ಅದು 3 ಗ್ರಾಂಗಿಂತ ಕಡಿಮೆ. ರಾಗಿಯ ಕ್ಯಾಲ್ಸಿಯಂ ಅಂಶ 100 ಗ್ರಾಂಗೆ 360 ಮಿಲಿಗ್ರಾಂ ಆಸುಪಾಸಿನಲ್ಲಿದ್ದು, ಧಾನ್ಯಗಳಲ್ಲೇ ಹೆಚ್ಚಿನದು.

ತವುಡಿನಲ್ಲಿರುವ ಫೈಟೇಟ್ ಕಬ್ಬಿಣ ಮತ್ತು ಸತುವು ದೇಹಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿ, ಒಣಗಿಸಿ ಬೀಸಿದರೆ ಅಥವಾ ಅಂಬಲಿಯಂತೆ ಹುಳಿ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ.

ಬೀಸಿದ ಹಿಟ್ಟನ್ನು ಸಾಣಿಗೆಯಲ್ಲಿ ಹಿಡಿದು ಬೂಸವನ್ನು ದನಕ್ಕೆ ಹಾಕುವ, ಅಥವಾ ಮಕ್ಕಳ ಸರಿಗೆಂದು ರಾಗಿ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜರಡಿಹಿಡಿಯುವ ರೂಢಿ ಅನೇಕ ಮನೆಗಳಲ್ಲಿದೆ. ಎಳೆಯ ಮಗುವಿನ ಆಹಾರದಲ್ಲಿ ಇದಕ್ಕೆ ಅರ್ಥವಿದೆ. ದೊಡ್ಡವರ ರೊಟ್ಟಿ, ಚಪಾತಿಯ ಹಿಟ್ಟಿಗೂ ಹೀಗೆಯೇ ಮಾಡಿದರೆ ಮನೆಯಲ್ಲಿ ಬೀಸಿದ ಪ್ರಯೋಜನದ ದೊಡ್ಡ ಪಾಲು ಸಾಣಿಗೆಯಲ್ಲೇ ಉಳಿಯುತ್ತದೆ.

ದೇಹತೂಕದ ಮೇಲಿನ ಪರಿಣಾಮ

ಇಡಿಧಾನ್ಯದ ಹಿಟ್ಟಿನಲ್ಲಿ ಶಕ್ತಿಯ ಅಂಶ ಬಹಳ ಕಡಿಮೆಯೆಂಬ ಭಾವನೆ ಸರಿಯಲ್ಲ. ಮೇಲಿನ ಕೋಷ್ಟಕಗಳಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 320, ಜೋಳದಲ್ಲಿ 334, ಸಜ್ಜೆಯಲ್ಲಿ 348 ಕಿಲೋಕ್ಯಾಲರಿ ಇದ್ದರೆ ಮೈದಾದಲ್ಲಿ 352 ಮತ್ತು ಬಿಳಿ ಅಕ್ಕಿಯಲ್ಲಿ 356 ಇದೆ. 100 ಗ್ರಾಂ ಹಿಟ್ಟಿನ ಮುದ್ದೆ ಎಷ್ಟೇ ನೀರು ಕುಡಿದು ದೊಡ್ಡದಾಗಿ ಕಂಡರೂ ಅದರ ಶಕ್ತಿ ಹಿಟ್ಟಿನದೇ. ಅನ್ನದ ಜೊತೆಗೆ ಮುದ್ದೆಯನ್ನೂ ಸೇರಿಸಿಕೊಂಡರೆ ತೂಕ ಇಳಿಯುವುದಿಲ್ಲ, ಏರಬಹುದು. ಅನ್ನದ ಬದಲಿಗೆ ಮುದ್ದೆ ಎಂದಾಗ ಮಾತ್ರ ಲೆಕ್ಕ ಬದಲಾಗುತ್ತದೆ.

ಆದರೂ ವ್ಯತ್ಯಾಸವೇ ಇಲ್ಲವೆಂದಲ್ಲ. ನಾರು ಹೆಚ್ಚಿರುವ ಊಟ ಬೇಗ ತೃಪ್ತಿ ಕೊಡುತ್ತದೆ ಮತ್ತು ಅದರ ಶಕ್ತಿಯ ಸ್ವಲ್ಪ ಭಾಗ ಜೀರ್ಣವಾಗದೆ ಹೊರಹೋಗುತ್ತದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ, 81 ಮಂದಿ ಭಾಗವಹಿಸಿದ ಪ್ರಯೋಗವೊಂದರಲ್ಲಿ ಒಂದು ಗುಂಪಿಗೆ 6 ವಾರ ಇಡಿಧಾನ್ಯವನ್ನೂ ಮತ್ತೊಂದಕ್ಕೆ ಸಂಸ್ಕರಿಸಿದ ಧಾನ್ಯವನ್ನೂ ನೀಡಲಾಯಿತು. ಇಡಿಧಾನ್ಯದ ಗುಂಪಿನಲ್ಲಿ ದಿನಕ್ಕೆ ಸರಾಸರಿ 92 ಕಿಲೋಕ್ಯಾಲರಿಯಷ್ಟು ಹೆಚ್ಚುವರಿ ಶಕ್ತಿನಷ್ಟ ಕಂಡುಬಂದಿತು. ಇದು ಹೆಚ್ಚುಕಡಿಮೆ ಒಂದು ತೆಳು ಚಪಾತಿಯಷ್ಟು. ತಿಂಗಳುಗಳ ಅವಧಿಯಲ್ಲಿ ಇದಕ್ಕೆ ಬೆಲೆಯುಂಟು, ವಾರದೊಳಗೆ ತೂಕ ಇಳಿಸುವ ಭರವಸೆಗಳಿಗೆ ಇದು ಆಧಾರವಾಗುವುದಿಲ್ಲ.

ತೂಕಕ್ಕಿಂತ ಗಟ್ಟಿಯಾದ ಪುರಾವೆ ಇರುವುದು ಹೃದ್ರೋಗ ಮತ್ತು ಮಧುಮೇಹದ ವಿಷಯದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ನಡೆದು 2019ರಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ವಿಶ್ಲೇಷಣೆಯು ದಿನಕ್ಕೆ 25ರಿಂದ 29 ಗ್ರಾಂ ನಾರು ಸೇವಿಸುವವರಲ್ಲಿ ಈ ರೋಗಗಳ ಅಪಾಯ ಗಣನೀಯವಾಗಿ ಕಡಿಮೆಯೆಂದು ಹೇಳಿತು. ಭಾರತೀಯರ ಊಟದಲ್ಲಿ ಧಾನ್ಯದ ಪಾಲೇ ಹೆಚ್ಚು ಎಂಬ ಮತ್ತೊಂದು ಮುಖವೂ ಇದಕ್ಕಿದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯು ದಿನದ ಶಕ್ತಿಯಲ್ಲಿ ಧಾನ್ಯ ಮತ್ತು ಸಿರಿಧಾನ್ಯಗಳ ಪಾಲು ಶೇ. 45ನ್ನು ಮೀರದಿರಲಿ, ಉಳಿದುದು ಬೇಳೆಕಾಳು, ತರಕಾರಿ, ಹಾಲು ಮುಂತಾದವುಗಳಿಂದ ಬರಲಿ ಎನ್ನುತ್ತದೆ. ಇಡಿಧಾನ್ಯವೂ ಈ ಮಿತಿಯೊಳಗೇ ಬರುತ್ತದೆ.

ನುಣುಪು ಮತ್ತು ರಕ್ತದ ಸಕ್ಕರೆ

ತವುಡು ಉಳಿದಿದ್ದರೂ ಹಿಟ್ಟು ನುಣ್ಣಗಾದಷ್ಟೂ ಅದರ ಪಿಷ್ಟ ಬೇಗ ಜೀರ್ಣವಾಗಿ ರಕ್ತದ ಸಕ್ಕರೆ ಬೇಗ ಏರುತ್ತದೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡನೆಯ ಬಗೆಯ ಮಧುಮೇಹಿಗಳಲ್ಲಿ ಊಟದ ನಂತರದ ಸಕ್ಕರೆಯ ಏರಿಕೆ ನುಣ್ಣಗೆ ಬೀಸಿದ ಇಡಿಧಾನ್ಯಕ್ಕಿಂತ ತರಿಯಾದ ಇಡಿಧಾನ್ಯದಿಂದ ಕಡಿಮೆಯಾಗಿತ್ತು. ರಾಗಿ ಮುದ್ದೆಯನ್ನು ಎಷ್ಟು ತಿಂದರೂ ಸಕ್ಕರೆ ಏರದು ಎಂಬ ನಂಬಿಕೆ ಮಧುಮೇಹಿಗಳಿಗೆ ಅಪಾಯಕಾರಿ. ನುಣ್ಣನೆಯ ಹಿಟ್ಟನ್ನು ಚೆನ್ನಾಗಿ ಬೇಯಿಸಿ, ಅಗಿಯದೆ ನುಂಗುವ ಆಹಾರವದು. ಅಳತೆ ಅಲ್ಲಿಯೂ ಬೇಕು. ಜೋಳದ ನುಚ್ಚು, ಗೋಧಿ ನುಚ್ಚಿನಂತಹ ತರಿಯಾದ ರೂಪಗಳು ಈ ದೃಷ್ಟಿಯಿಂದ ಮೇಲು. ಔಷಧ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಆಹಾರಕ್ರಮ ಬದಲಿಸುವಾಗ ವೈದ್ಯರೊಡನೆ ಚರ್ಚಿಸುವುದು ಅಗತ್ಯ.

ಸಂಗ್ರಹಣೆ ಮತ್ತು ಎಚ್ಚರಿಕೆಗಳು

ಬೀಸಿದೊಡನೆ ಮೊಳಕೆಯ ಭಾಗದ ಎಣ್ಣೆ ಗಾಳಿಗೆ ತೆರೆದುಕೊಂಡು ಕ್ರಮೇಣ ಕಮಟುತ್ತದೆ. ಎಣ್ಣೆಯಂಶ ಹೆಚ್ಚಿರುವ ಸಜ್ಜೆ ಹಿಟ್ಟು ಬೇಗನೆ ಕಹಿಯಾಗುತ್ತದೆ. ಅದನ್ನು ಕೆಲವೇ ದಿನಗಳಿಗಾಗುವಷ್ಟು ಬೀಸಿಕೊಳ್ಳುವುದು ಒಳಿತು. ಜೋಳದ ಹಿಟ್ಟು ಹಳತಾದರೆ ಜಿಗಿ ಕಳೆದುಕೊಂಡು ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ಕಾಳನ್ನು ಚೆನ್ನಾಗಿ ಒಣಗಿಸಿಯೇ ಇಡಬೇಕು. ತೇವದಲ್ಲಿ ಬೆಳೆಯುವ ಬೂಷ್ಟಿನ ವಿಷಗಳು ಬೀಸಿದರೂ ಬೇಯಿಸಿದರೂ ಪೂರ್ಣವಾಗಿ ಹೋಗುವುದಿಲ್ಲ.

ಗೋಧಿಯ ಗ್ಲುಟನ್ ಒಗ್ಗದ ಸೀಲಿಯಕ್ ರೋಗಿಗಳಿಗೆ ರಾಗಿ, ಜೋಳ, ಸಜ್ಜೆ ಸುರಕ್ಷಿತ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಅವನ್ನು ಬೀಸಿದರೆ ಉಳಿದ ಗೋಧಿ ಹಿಟ್ಟು ಬೆರೆಯುತ್ತದೆ. ಇಂಥವರ ಮನೆಯಲ್ಲಿ ಗೋಧಿ ಸೋಕದ ಪ್ರತ್ಯೇಕ ಗೃಹಗಿರಣಿ ಅಗತ್ಯವೇ ಆಗಿಬಿಡುತ್ತದೆ.